ಟಿಡಿಎಸ್ ವಾಪಸ್ ಪಡೆಯಲು ರಿಟರ್ನ್ ಹಾಕಿದರೆ ಬಿಪಿಎಲ್ ಕಾರ್ಡ್, ಗೃಹಲಕ್ಷ್ಮಿ ಹೋಗುತ್ತದೆಯೇ?

ಉಂಬ್ಳೇಬೈಲು_ಕ್ರಾಸ್ · ಆಗಸ್ಟ್ 9, 2025

ಶಿವಮೊಗ್ಗ ತಾಲ್ಲೂಕಿನ ಒಂದು ಕುಟುಂಬದ ಲೆಕ್ಕ ಇದು. ತಿಳಿದವರು ಬಿಡಿಸಿ ಹೇಳಬೇಕು.

ಗಂಡನ ಹೆಸರಲ್ಲಿ ಒಂದು ಪಿಕಪ್, ಹಳದಿ ಬೋರ್ಡು, ಸಾಲ ಇನ್ನೂ ತೀರಿಲ್ಲ. 2024-25ರಲ್ಲಿ ವರ್ಷಪೂರ್ತಿ ಒಬ್ಬರೇ ಗುತ್ತಿಗೆದಾರರಿಗೆ ಸಾಮಾನು ಸಾಗಿಸಿದ್ದಾರೆ. ಬಾಡಿಗೆ ಬಿಲ್ಲು ಒಟ್ಟು 3,84,000 ರೂಪಾಯಿ, ಅದರಲ್ಲಿ ಶೇಕಡಾ 1ರಂತೆ 3,840 ಟಿಡಿಎಸ್ (ಹಣ ಕೊಡುವವರೇ ಮುಂಚಿತವಾಗಿ ಕತ್ತರಿಸುವ ತೆರಿಗೆ) ಹಿಡಿದಿದ್ದಾರೆ. ಅರ್ಧ ಎಕರೆ ಅಡಿಕೆ ತೋಟವೂ ಅವರ ಹೆಸರಲ್ಲೇ ಇದೆ, ಖರ್ಚು ಕಳೆದು ಸುಮಾರು 65,000 ಉಳಿಯುತ್ತದೆ.

ಹೆಂಡತಿ ಮಾಚೇನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಮೂರೂವರೆ ವರ್ಷ ದುಡಿದು 2024ರ ಜೂನ್‌ನಲ್ಲಿ ಬಿಟ್ಟರು. ಆ ವರ್ಷದ ಮೂರು ತಿಂಗಳ ಸಂಬಳ 36,000. ಅಕ್ಟೋಬರ್‌ನಲ್ಲಿ ಪಿಎಫ್ ತೆಗೆದಾಗ 85,000ಕ್ಕೆ 8,500 ಹಿಡಿದುಕೊಂಡು ಉಳಿದದ್ದು ಖಾತೆಗೆ ಬಂತು. ಮಕ್ಕಳು ಇಬ್ಬರು, ಶಾಲೆಗೆ ಹೋಗುತ್ತಾರೆ. ಬಿಪಿಎಲ್ ಕಾರ್ಡ್ ಇದೆ, ಕಾರ್ಡಿನಲ್ಲಿ ಯಜಮಾನಿ ಹೆಂಡತಿಯೇ, ಗೃಹಲಕ್ಷ್ಮಿ ಬರುತ್ತಿದೆ.

ಪ್ರಶ್ನೆ ಮೂರು. ಒಂದು, ಈ 12,340 ರೂಪಾಯಿ ವಾಪಸ್ ಬರುತ್ತದಾ? ಎರಡು, ರಿಟರ್ನ್ ಹಾಕಿದರೆ "ತೆರಿಗೆದಾರರು" ಅಂತ ಕಾರ್ಡ್ ಕಿತ್ತುಕೊಳ್ಳುತ್ತಾರಾ? ಮೂರು, ಈ ಸಲದ ಬಜೆಟ್ಟಿನಲ್ಲಿ 12 ಲಕ್ಷದವರೆಗೆ ರಿಯಾಯಿತಿ ಅಂದರಲ್ಲ, ಇಂಥ ಮನೆಗೆ ಅದರಿಂದ ಏನಾದರೂ ಸಿಗುತ್ತದಾ?

ಲೆಕ್ಕದ_ಕಟ್ಟು · ಆಗಸ್ಟ್ 9

ಮೂರನೆಯದಕ್ಕೆ ಉತ್ತರ ಚಿಕ್ಕದು, ಮೊದಲು ಅದನ್ನೇ ಮುಗಿಸುತ್ತೇನೆ: ಏನೂ ಸಿಗುವುದಿಲ್ಲ. ಆದಾಯ ತೆರಿಗೆ ಕಾಯ್ದೆಯ 87ಎ ರಿಯಾಯಿತಿ ಎಂದರೆ ಬಂದ ತೆರಿಗೆಯನ್ನು ಮನ್ನಾ ಮಾಡುವುದು. 2024-25ಕ್ಕೆ ಹೊಸ ಪದ್ಧತಿಯಲ್ಲಿ 7 ಲಕ್ಷದ ಆದಾಯದವರೆಗೆ ಗರಿಷ್ಠ 25,000, 2025-26ಕ್ಕೆ 12 ಲಕ್ಷದವರೆಗೆ ಗರಿಷ್ಠ 60,000. ತೆರಿಗೆಯೇ ಸೊನ್ನೆ ಇದ್ದವರಿಗೆ ಮನ್ನಾ ಮಾಡಲು ಏನಿದೆ? ಮಿಕ್ಕ ರಿಯಾಯಿತಿಯನ್ನು ಕೈಗೆ ಕೊಡುವ ಪದ್ಧತಿ ನಮ್ಮ ಕಾಯ್ದೆಯಲ್ಲಿ ಇಲ್ಲ. ತಿಂಗಳಿಗೆ 80-90 ಸಾವಿರ ಸಂಬಳ ಇರುವವರಿಗೆ ಇದರಿಂದ ದೊಡ್ಡ ಲಾಭ, ಪಿಕಪ್ ಓಡಿಸುವವರಿಗೆ ಒಂದು ಪೈಸೆಯೂ ಇಲ್ಲ.

ಈ ಮನೆಗೆ ಸೇರಬೇಕಾದ ದುಡ್ಡು ಅಂದರೆ ಮುಂಚೆಯೇ ಕತ್ತರಿಸಿದ ಟಿಡಿಎಸ್. ಅದು ಪೂರ್ತಿ ವಾಪಸ್ ಬರುತ್ತದೆ. ಲೆಕ್ಕ ನೋಡಿ.

ಹೆಂಡತಿಯದು ಸುಲಭ. ಐದು ವರ್ಷ ತುಂಬುವ ಮೊದಲು ಪಿಎಫ್ ತೆಗೆದು, ಮೊತ್ತ 50,000 ಅಥವಾ ಮೇಲಿದ್ದರೆ 192ಎ ಅಡಿ ಶೇಕಡಾ 10 ಹಿಡಿಯುತ್ತಾರೆ. ಆದರೆ 85,000 ಪೂರ್ತಿ ಆದಾಯವಲ್ಲ. ಪಾಸ್‌ಬುಕ್ ತೆಗೆದು ನಾಲ್ಕು ಭಾಗ ಮಾಡಿ: ಅವರದೇ ವಂತಿಗೆ, ಅದರ ಬಡ್ಡಿ, ಕಂಪನಿಯ ವಂತಿಗೆ, ಅದರ ಬಡ್ಡಿ. ಉದಾಹರಣೆಗೆ ಕ್ರಮವಾಗಿ 57,000, 8,100, 17,400, 2,500 ಎಂದಿಟ್ಟುಕೊಳ್ಳೋಣ. ಅವರ ಸಂಬಳದಿಂದಲೇ ಕಟ್ಟಿದ 57,000ಕ್ಕೆ ಹಿಂದೆಂದೂ 80ಸಿ (ಉಳಿತಾಯಕ್ಕೆ ಕೊಡುವ) ವಿನಾಯಿತಿ ಪಡೆದಿಲ್ಲವಾದ್ದರಿಂದ ತೆರಿಗೆಯ ಮಾತೇ ಇಲ್ಲ. ಕಂಪನಿಯ ಪಾಲು ಮತ್ತು ಅದರ ಬಡ್ಡಿ, 19,900, ಸಂಬಳದ ಲೆಕ್ಕಕ್ಕೆ. ಸ್ವಂತ ವಂತಿಗೆಯ ಬಡ್ಡಿ 8,100 ಇತರೆ ಆದಾಯಕ್ಕೆ. ಸಂಬಳ 36,000 ಕೂಡಿಸಿದರೆ 55,900 ಆಗುತ್ತದೆ, ಸಂಬಳದಾರರಿಗೆ ಸಿಗುವ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಅದನ್ನೆಲ್ಲ ನುಂಗುತ್ತದೆ. ಉಳಿದ ಆದಾಯ 8,100. ತೆರಿಗೆ ಸೊನ್ನೆ, ವಾಪಸ್ 8,500. ಐಟಿಆರ್-1 (ರಿಟರ್ನಿನ ಚಿಕ್ಕ ನಮೂನೆ) ಸಾಕು. ರಿಟರ್ನ್ ನಮೂನೆಯಲ್ಲಿ ಇದು "ಸಂಬಳದ ಹೊರತಾದ ಟಿಡಿಎಸ್" ಪಟ್ಟಿಯಲ್ಲಿರುತ್ತದೆ, ಸಂಬಳದ ಟಿಡಿಎಸ್ ಕಾಲಂನಲ್ಲಿ ಹುಡುಕಿ ಸಿಗಲಿಲ್ಲ ಎನ್ನಬೇಡಿ.

ಅಂದಹಾಗೆ, ಪಿಎಫ್ ಅರ್ಜಿಯ ಜೊತೆಗೇ 15ಜಿ ನಮೂನೆ (ತೆರಿಗೆ ಬರುವಷ್ಟು ಆದಾಯ ಇಲ್ಲ ಎಂಬ ಘೋಷಣೆ) ಅಪ್‌ಲೋಡ್ ಮಾಡಿದ್ದರೆ ಈ 8,500 ಹೋಗುತ್ತಲೇ ಇರಲಿಲ್ಲ. ಗಾರ್ಮೆಂಟ್ಸ್ ಬಿಡುವ ಹೆಣ್ಣುಮಕ್ಕಳಿಗೆ ಹೆಚ್ಚಾಗಿ ಯಾರೂ ಇದನ್ನು ಹೇಳುವುದಿಲ್ಲ. ಬೇರೆ ಕಾರ್ಖಾನೆಗೆ ಸೇರಿದರೆ ಹಳೆಯ ಪಿಎಫ್ ತೆಗೆಯದೆ ವರ್ಗಾಯಿಸಿಕೊಳ್ಳಿ, ಹಳೆಯ ಸೇವೆಯೂ ಆ ಐದು ವರ್ಷಕ್ಕೆ ಸೇರುತ್ತದೆ. ಕಾಯಿಲೆಯಿಂದಲೋ ಕಾರ್ಖಾನೆ ಮುಚ್ಚಿದ್ದರಿಂದಲೋ ಕೆಲಸ ಹೋಗಿದ್ದರೆ ಐದು ವರ್ಷದ ನಿಯಮ ಅನ್ವಯಿಸುವುದಿಲ್ಲ.

ಗಂಡನದು ಸ್ವಲ್ಪ ಸಿಕ್ಕು. ಸರಕು ಸಾಗಣೆ ವಾಹನ ಹತ್ತು ಅಥವಾ ಕಡಿಮೆ ಇದ್ದರೆ 44ಎಇ (ಲೆಕ್ಕಪುಸ್ತಕ ಇಲ್ಲದೆ ಅಂದಾಜು ಆದಾಯ ತೋರಿಸುವ ನಿಯಮ) ಬಳಸಬಹುದು. ಒಟ್ಟು ತೂಕ 12,000 ಕೆ.ಜಿ. ದಾಟದ ಗಾಡಿಗೆ ತಿಂಗಳಿಗೆ 7,500ರಂತೆ ವರ್ಷಕ್ಕೆ 90,000 ಆದಾಯ ಎಂದು ಲೆಕ್ಕ. ನಿಜವಾಗಿ ಗಳಿಸಿದ್ದು ಅದಕ್ಕಿಂತ ಜಾಸ್ತಿ ಎಂದು ನೀವೇ ಹೇಳುವುದಾದರೆ ಆ ಜಾಸ್ತಿಯನ್ನೇ ತೋರಿಸಬೇಕು. ಡೀಸೆಲ್, ಟೈರು, ಸವಕಳಿ ಎಲ್ಲ ಅದರಲ್ಲೇ ಸೇರಿಹೋಯಿತು, ಬೇರೆ ಖರ್ಚು ಕಳೆಯುವಂತಿಲ್ಲ. ಗಾಡಿ ಸಾಲದಲ್ಲಿದ್ದರೂ ಅವರೇ ಮಾಲೀಕರು. 90,000 ಎಂದರೆ 3 ಲಕ್ಷದ ಮೂಲ ವಿನಾಯಿತಿಯ ಎಷ್ಟೋ ಕೆಳಗೆ. 3,840 ಪೂರ್ತಿ ವಾಪಸ್.

ಸಿಕ್ಕು ಇರುವುದು ಅಡಿಕೆಯಲ್ಲಿ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಬೇಯಿಸಿ ಒಣಗಿಸಿ ಕೆಂಪಡಿಕೆ ಮಾಡಿ ಮಾರಿದರೂ ಬೆಳೆಗಾರನಿಗೆ ಅದು ಕೃಷಿ ಆದಾಯವೇ. ಚೇಣಿ ಹಿಡಿದವರ, ಅಂದರೆ ಬೇರೆಯವರ ತೋಟದ ಫಸಲು ಗುತ್ತಿಗೆಗೆ ಕೊಂಡವರ, ಲಾಭ ಮಾತ್ರ ವ್ಯಾಪಾರ. ಆದರೆ ಐಟಿಆರ್-1 ಮತ್ತು 4ರಲ್ಲಿ ಕೃಷಿ ಆದಾಯ 5,000 ದಾಟುವಂತಿಲ್ಲ. 65,000 ಇದೆ ಅಂದರೆ ಈ ಪಿಕಪ್ ಮಾಲೀಕರಿಗೆ ಐಟಿಆರ್-3 ಬೇಕು. ಅದು ಉದ್ದ, ನೋಡಿದರೇ ಗಾಬರಿಯಾಗುತ್ತದೆ, ಆದರೆ ಲೆಕ್ಕಪುಸ್ತಕ ಇಟ್ಟಿಲ್ಲದವರು ತುಂಬಬೇಕಾದ್ದು ಕೆಲವೇ ಪುಟ. ಬಹಳ ಜನ "4,999" ಅಂತ ಬರೆದು ಐಟಿಆರ್-4ರಲ್ಲೇ ಮುಗಿಸುತ್ತಾರೆ. ಮಾಡಬೇಡಿ. ಮಾಮ್ಕೋಸ್ (ಅಡಿಕೆ ಮಾರಾಟ ಸಹಕಾರ ಸಂಘ) ಅಥವಾ ಮಂಡಿಯ ಪಟ್ಟಿ, ಮೈಲುತುತ್ತ-ಸುಣ್ಣದ ಬಿಲ್ಲು, ಕೊನೆ ತೆಗೆದ ಮತ್ತು ಸುಲಿದ ಕೂಲಿಯ ಚೀಟಿ, ಇಷ್ಟನ್ನು ಒಂದು ಕವರಿನಲ್ಲಿ ಹಾಕಿಟ್ಟರೆ 65,000ಕ್ಕೆ ಆಧಾರವಾಯಿತು.

ಪಹಣಿ ಯಾರ ಹೆಸರಲ್ಲಿದೆ ಎಂದೂ ನೋಡಿ. ತೋಟ ಇನ್ನೂ ತಂದೆಯ ಹೆಸರಲ್ಲಿದ್ದು, ಅಡಿಕೆ ಮಾರಿದ ದುಡ್ಡೂ ಅವರ ಖಾತೆಗೇ ಹೋಗುತ್ತಿದ್ದರೆ ಅದು ತಂದೆಯ ಆದಾಯ. ಆಗ ಮಗನಿಗೆ ಐಟಿಆರ್-4 ಸಾಕು.

ಮಂಡಗದ್ದೆ_ಕೊಕ್ಕರೆ · ಆಗಸ್ಟ್ 10

ಎರಡನೇ ಪ್ರಶ್ನೆಗೆ ಎಲ್ಲರೂ ಅರ್ಧ ಉತ್ತರ ಕೊಡುತ್ತಾರೆ, "ನಿಲ್ ರಿಟರ್ನ್ ಅಲ್ವಾ, ಏನೂ ಆಗಲ್ಲ ಬಿಡಿ" ಅಂತ. ಪೂರ್ತಿ ನಿಜ ಅಲ್ಲ ಮಾರಾಯ್ರೆ. ಒಂದೊಂದು ಯೋಜನೆಯ ಷರತ್ತು ಒಂದೊಂದು ಥರ ಇದೆ, ಬೇರೆ ಬೇರೆಯಾಗಿ ನೋಡಬೇಕು.

ಗೃಹಲಕ್ಷ್ಮಿಗೆ ಇರುವ ಷರತ್ತು: ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಪಾವತಿದಾರರಾಗಿರಬಾರದು, ಜಿಎಸ್‌ಟಿ ರಿಟರ್ನ್ ಸಲ್ಲಿಸುವವರಾಗಿರಬಾರದು. ಆದಾಯ ತೆರಿಗೆಯಲ್ಲಿ "ಪಾವತಿ", ಜಿಎಸ್‌ಟಿಯಲ್ಲಿ "ಸಲ್ಲಿಕೆ". ಅಂದರೆ ಸೊನ್ನೆ ತೆರಿಗೆಯ ಐಟಿ ರಿಟರ್ನ್ ಹಾಕಿದವರು ಹೊರಗೆ ಹೋಗುವುದಿಲ್ಲ. ಆದರೆ ಯಾರದೋ ಮಾತು ಕೇಳಿ ಗಾಡಿಗೆ ಅಂತ ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡವರು ಸೊನ್ನೆ ವ್ಯವಹಾರ ತೋರಿಸಿದರೂ ಹೊರಗೆ. ಇನ್ನೊಂದು, ಈ ಯೋಜನೆಗೆ ಬಿಪಿಎಲ್ ಬೇಕೆಂದೇ ಇಲ್ಲ, ಎಪಿಎಲ್ ಕಾರ್ಡಿನ ಯಜಮಾನಿಗೂ ಬರುತ್ತದೆ. ಕಾರ್ಡ್ ಬದಲಾದರೆ 2,000 ನಿಲ್ಲುತ್ತದೆ ಎಂಬುದು ಸುಮ್ಮನೆ ಹಬ್ಬಿದ ಹೆದರಿಕೆ.

ಪಿಎಂ-ಕಿಸಾನ್‌ನ 6,000ಕ್ಕೂ ಹೀಗೆಯೇ. ಹಿಂದಿನ ಅಸೆಸ್‌ಮೆಂಟ್ ವರ್ಷದಲ್ಲಿ (ಆದಾಯ ಗಳಿಸಿದ್ದರ ಮರುವರ್ಷ) ತೆರಿಗೆ ಕಟ್ಟಿದವರು ಹೊರಗೆ, ಬರೀ ರಿಟರ್ನ್ ಹಾಕಿದವರಲ್ಲ.

ಈಗ ಬಿಪಿಎಲ್. ಇಲ್ಲಿ ಎರಡು ಗೋಡೆ ಇವೆ, ಜನ ನೋಡುವುದು ಒಂದನ್ನೇ. ತೆರಿಗೆ ಕಟ್ಟುವವರಿಗೆ ಇಲ್ಲ ಎಂಬುದು ಮೊದಲನೆಯದು. ಕುಟುಂಬದ ವಾರ್ಷಿಕ ಆದಾಯ 1,20,000 ದಾಟಬಾರದು ಎಂಬುದು ಎರಡನೆಯದು. ಈ ಎರಡನೆಯದರಲ್ಲಿ ಅಡಿಕೆಯೂ ಲೆಕ್ಕಕ್ಕೆ ಬರುತ್ತದೆ! ಆದಾಯ ತೆರಿಗೆಯವರಿಗೆ ಕೃಷಿ ಆದಾಯ ಬೇಡ, ಆದರೆ ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಬೇಕು. ಪಿಕಪ್ಪಿನ 90,000, ತೋಟದ 65,000 ಸೇರಿ 1,55,000 ಆಯಿತು. ಹೆಂಡತಿಯದನ್ನು ಹಿಡಿಯದೆಯೇ ಮಿತಿ ದಾಟಿತು. ಗಾಡಿಯಿಂದ ತೊಂದರೆ ಇಲ್ಲ, ಹೊಟ್ಟೆಪಾಡಿಗೆ ಓಡಿಸುವ ಒಂದು ವಾಣಿಜ್ಯ ವಾಹನಕ್ಕೆ ವಿನಾಯಿತಿ ಇದೆ. ಬಿಳಿ ಬೋರ್ಡಿನ ಕಾರು ಆಗಿದ್ದರೆ ಅದೊಂದೇ ಸಾಕಿತ್ತು ಕಾರ್ಡ್ ಹೋಗಲಿಕ್ಕೆ.

ಹಾಗಾಗಿ ಸರಿಯಾಗಿ ಹೇಳಬೇಕೆಂದರೆ, ರಿಟರ್ನ್ ಹಾಕಿದ್ದಕ್ಕೆ ಕಾರ್ಡ್ ಹೋಗುವುದಿಲ್ಲ. ಆದರೆ ರಿಟರ್ನಿನಲ್ಲಿ ಬರೆದ ಆದಾಯ ಕಾಗದದ ಮೇಲೆ ಉಳಿಯುತ್ತದೆ, ಪರಿಶೀಲನೆ ಬಂದರೆ ಅದನ್ನೇ ಎದುರಿಗಿಡುತ್ತಾರೆ. 2024ರ ನವೆಂಬರ್‌ನಲ್ಲಿ ಕಾರ್ಡ್ ರದ್ದು ಮಾಡಿದ ಗಲಾಟೆ ನೆನಪಿರಬಹುದು. ಆಮೇಲೆ ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸಿ ಎಂದರು. ತೆರಿಗೆಯ ಗೋಡೆ ಎಷ್ಟು ಗಟ್ಟಿ ಅನ್ನುವುದು ಅಲ್ಲೇ ಕಾಣುತ್ತದೆ.

ಕಾರ್ಡ್ ಹೋದರೆ ಏನು ಹೋಗುತ್ತದೆ? ಉಚಿತ ಅಕ್ಕಿ, ಸರಿ. ಅದಕ್ಕಿಂತ ದೊಡ್ಡದು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ. ಬಿಪಿಎಲ್ ಮನೆಗೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿಂದ ರೆಫರಲ್ ಚೀಟಿ ಹಿಡಿದು ಹೃದಯದ ಆಪರೇಷನ್‌ಗೆ ಹೊರಟವರಿಗೆ ಈ ವ್ಯತ್ಯಾಸ ಏನೆಂದು ಗೊತ್ತಿರುತ್ತದೆ. 12,340 ಒಂದು ಕಡೆ, ಇದು ಒಂದು ಕಡೆ. ಮನೆಯವರು ಕೂತು ಯೋಚಿಸಬೇಕಾದ್ದು ಇದನ್ನು.

ಉಂಬ್ಳೇಬೈಲು_ಕ್ರಾಸ್ · ಆಗಸ್ಟ್ 10

ಹಾಗಾದರೆ ಸುಮ್ಮನೆ ರಿಟರ್ನ್ ಹಾಕದೆ ಇದ್ದುಬಿಡುವುದೇ ಕ್ಷೇಮ ಅಲ್ಲವೇ? ಹಾಕಲೇಬೇಕು ಅಂತ ಏನಾದರೂ ಇದೆಯಾ?

ಲೆಕ್ಕದ_ಕಟ್ಟು · ಆಗಸ್ಟ್ 10

ಹಾಕಲೇಬೇಕಾದ ಬಾಧ್ಯತೆ ಇವರಿಗಿಲ್ಲ. ಮೂಲ ವಿನಾಯಿತಿಯ ಕೆಳಗಿದ್ದೂ ಕಡ್ಡಾಯವಾಗುವುದು ಕೆಲವರಿಗೆ: ವರ್ಷದ ಟಿಡಿಎಸ್ 25,000 ಮುಟ್ಟಿದರೆ, ಕರೆಂಟ್ ಬಿಲ್ಲು 1 ಲಕ್ಷ ದಾಟಿದರೆ, ವ್ಯಾಪಾರದ ವಹಿವಾಟು 60 ಲಕ್ಷ ದಾಟಿದರೆ, ಇಂಥವು.

ಆದರೆ "ಹಾಕದಿದ್ದರೆ ಕ್ಷೇಮ" ಎಂಬುದು ತಲೆಕೆಳಗಾದ ಮಾತು. 3,840 ಮತ್ತು 8,500 ಇವರ ಪ್ಯಾನ್ ಮೇಲೆ ಈಗಾಗಲೇ ಜಮೆಯಾಗಿ ಕೂತಿದೆ. ರಿಟರ್ನ್ ಹಾಕದಿದ್ದರೆ ಅದು ಇವರು ಕಟ್ಟಿದ ತೆರಿಗೆಯಾಗಿಯೇ ಸರ್ಕಾರದಲ್ಲಿ ಉಳಿಯುತ್ತದೆ. ಹಾಕಿದರೆ ಮಾತ್ರ ಸಿಪಿಸಿಯಿಂದ (ಇಲಾಖೆಯ ರಿಟರ್ನ್ ಪರಿಶೀಲನಾ ಕೇಂದ್ರ) 143(1) ಸೂಚನಾಪತ್ರ ಬರುತ್ತದೆ, ಅದರಲ್ಲಿ ಒಟ್ಟು ತೆರಿಗೆ ಸೊನ್ನೆ ಎಂದು ಇಲಾಖೆಯೇ ಬರೆದುಕೊಟ್ಟಿರುತ್ತದೆ. ತೆರಿಗೆ ಕಟ್ಟಿಲ್ಲ ಎಂದು ತೋರಿಸಲು ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ. ಪಟ್ಟಿಯಲ್ಲಿ ತಪ್ಪಾಗಿ ಹೆಸರು ಸೇರಿ ಗೃಹಲಕ್ಷ್ಮಿ ನಿಂತರೆ ತಾಲ್ಲೂಕಿನ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಅರ್ಜಿ ಕೊಡಬೇಕು, ಜೊತೆಗೆ ಗಂಡ-ಹೆಂಡತಿ ಇಬ್ಬರದೂ ಆ ಸೂಚನಾಪತ್ರ ಲಗತ್ತಿಸಿ. ಐಟಿಆರ್ ಸ್ವೀಕೃತಿ ಪತ್ರವನ್ನಷ್ಟೇ ಕೊಟ್ಟು ಬರಬೇಡಿ, ಅದು ನೀವೇ ಹೇಳಿಕೊಂಡದ್ದು. 143(1) ಇಲಾಖೆ ಒಪ್ಪಿದ್ದು.

ಬಿಪಿಎಲ್ ಆದಾಯ ಮಿತಿಯ ಬಗ್ಗೆ ಮಂಡಗದ್ದೆಯವರು ಹೇಳಿದ್ದು ಸರಿ. ಅದನ್ನು ನಾನು ತಿಪ್ಪೆ ಸಾರಿಸುವುದಿಲ್ಲ. ಆ ಮಿತಿ ದಾಟಿರುವುದು ಗಾಡಿ ಮತ್ತು ತೋಟದಿಂದ, ರಿಟರ್ನ್ ಹಾಕದಿದ್ದರೂ ದಾಟಿದ್ದು ದಾಟಿದ್ದೇ.

ಗಾಡಿ ಇರುವವರಿಗೆ ರಿಟರ್ನಿನ ಉಪಯೋಗ ಇನ್ನೆರಡು ಇವೆ. ಮುಂದಿನ ಗಾಡಿಯ ಸಾಲಕ್ಕೆ ಬ್ಯಾಂಕು ಎರಡು-ಮೂರು ವರ್ಷದ ಐಟಿಆರ್ ಕೇಳುತ್ತದೆ. ಘಾಟಿಯಲ್ಲಿ ಏನಾದರೂ ಆದರೆ ಅಪಘಾತ ಪರಿಹಾರದ ನ್ಯಾಯಮಂಡಳಿ ದುಡಿಮೆಯ ಲೆಕ್ಕಕ್ಕೆ ಮೊದಲು ನೋಡುವ ದಾಖಲೆಗಳಲ್ಲಿ ಅದೂ ಒಂದು.

ಚೋರಡಿ_ಸೇತುವೆ · ಆಗಸ್ಟ್ 11

ಹಾಕುವುದೆಂದು ತೀರ್ಮಾನ ಮಾಡಿದರೆ ಎಲ್ಲೆಲ್ಲಿ ಕೈಕೊಡುತ್ತದೆ ಅಂತ ಹೇಳ್ತೀನಿ. ಫಾರ್ಮ್ ತುಂಬುವುದು ಕಷ್ಟವಲ್ಲ, ದುಡ್ಡು ಖಾತೆಗೆ ಬಂದು ಬೀಳುವುದು ಕಷ್ಟ.

ಎಲ್ಲಕ್ಕಿಂತ ಮೊದಲು ಪ್ಯಾನ್-ಆಧಾರ್ ಜೋಡಣೆ. ಜೋಡಿಸದೆ ಪ್ಯಾನ್ ನಿಷ್ಕ್ರಿಯವಾಗಿದ್ದರೆ ರೀಫಂಡೂ ಇಲ್ಲ, ಆ ಅವಧಿಗೆ ಬಡ್ಡಿಯೂ ಇಲ್ಲ, ಮೇಲಾಗಿ ಮುಂದಿನ ಬಿಲ್ಲಿಗೆ ಶೇಕಡಾ 20 ಹಿಡಿಯುತ್ತಾರೆ. 1,000 ಕಟ್ಟಿ ಜೋಡಿಸಬೇಕು.

ಆಮೇಲೆ 26ಎಎಸ್, ಅಂದರೆ ನಿಮ್ಮ ಪ್ಯಾನ್ ಮೇಲೆ ಜಮೆಯಾದ ತೆರಿಗೆಯ ಪಟ್ಟಿ, ತೆಗೆದು ನೋಡಿ. ಬಿಲ್ಲಿನಲ್ಲಿ ಕತ್ತರಿಸಿದ್ದು ಅಲ್ಲಿ ಕಾಣದಿದ್ದರೆ ಸಾಮಾನ್ಯವಾಗಿ ಎರಡು ಕಾರಣ, ಗುತ್ತಿಗೆದಾರರು ಹಣ ಕಟ್ಟಿಲ್ಲ, ಇಲ್ಲವೇ ತ್ರೈಮಾಸಿಕ ಪಟ್ಟಿಯಲ್ಲಿ ಪ್ಯಾನ್ ತಪ್ಪು ಬರೆದಿದ್ದಾರೆ. ಒಂದು ಅಕ್ಷರ ಹೆಚ್ಚುಕಮ್ಮಿ ಆದರೆ ದುಡ್ಡು ಇನ್ಯಾರದೋ ಹೆಸರಿಗೆ ಹೋಗಿರುತ್ತದೆ. ಅದನ್ನು ಸರಿಮಾಡಬೇಕಾದವರು ಗುತ್ತಿಗೆದಾರರ ಲೆಕ್ಕಿಗರು, 26ಕ್ಯೂ ತಿದ್ದುಪಡಿ ಹಾಕಬೇಕು. ಅವರಿಂದ 16ಎ ಪ್ರಮಾಣಪತ್ರ ಕೇಳಿ, ಬಾಯಿಮಾತಿನ "ಕಟ್ಟಿದೀವಿ" ಬೇಡ. 26ಎಎಸ್‌ನಲ್ಲಿ ಇಲ್ಲದ ಟಿಡಿಎಸ್ ಬರೆದು ರಿಟರ್ನ್ ಹಾಕಿದರೆ ಸಿಪಿಸಿ ಅದನ್ನು ಕೈಬಿಟ್ಟು ಲೆಕ್ಕ ಮಾಡುತ್ತದೆ.

ಮೂರನೆಯದು ಬ್ಯಾಂಕ್ ಖಾತೆ, ಬಹಳ ರೀಫಂಡು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಪೋರ್ಟಲ್‌ನಲ್ಲಿ ಪ್ರೊಫೈಲ್ ಒಳಗೆ "ಮೈ ಬ್ಯಾಂಕ್ ಅಕೌಂಟ್"ಗೆ ಹೋಗಿ ಖಾತೆ ಪ್ರೀ-ವ್ಯಾಲಿಡೇಟ್ ಮಾಡಿ, ರೀಫಂಡಿಗೆ ನಾಮಿನೇಟ್ ಮಾಡಬೇಕು. ನಮ್ಮ ಕಡೆ ಅರ್ಧ ಊರಿನ ಪಾಸ್‌ಬುಕ್ ಇನ್ನೂ ಸಿಂಡಿಕೇಟ್ ಬ್ಯಾಂಕಿನದು. ಅದು 2020ರ ಏಪ್ರಿಲ್ 1ಕ್ಕೇ ಕೆನರಾದಲ್ಲಿ ವಿಲೀನ ಆಯಿತು, ಹಳೆಯ ಐಎಫ್‌ಎಸ್‌ಸಿ ನಡೆಯುವುದಿಲ್ಲ. ಗ್ರಾಮೀಣ ಬ್ಯಾಂಕುಗಳೂ ಈ ಮೇ 1ರಿಂದ ಒಂದಾಗಿವೆ, ಹಾಗಾಗಿ ಶಾಖೆಯಲ್ಲಿ ಈಗಿನ ಸಂಖ್ಯೆ ಕೇಳಿಯೇ ಹಾಕಿ. ಸೊಸೈಟಿಯ ಉಳಿತಾಯ ಖಾತೆಗೆ ಐಎಫ್‌ಎಸ್‌ಸಿ ಇಲ್ಲದಿದ್ದರೆ ಅದು ಕೆಲಸಕ್ಕೆ ಬರುವುದಿಲ್ಲ.

ಹೆಸರಿನ ಗೋಳು ಬೇರೆ. ಪ್ಯಾನ್‌ನಲ್ಲಿ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರು, ಊರ ಹೆಸರು ಪೂರ್ತಿ ಇರುತ್ತದೆ, ಬ್ಯಾಂಕಿನಲ್ಲಿ ಎರಡು ಅಕ್ಷರ ಮಾತ್ರ. ಮದುವೆಯಾದ ಹೆಣ್ಣುಮಕ್ಕಳದ್ದು ಆಧಾರ್‌ನಲ್ಲಿ ಒಂದು, ಪಿಎಫ್‌ನಲ್ಲಿ ಇನ್ನೊಂದು. ವ್ಯಾಲಿಡೇಷನ್ ಫೇಲ್ ಅಂತ ಬಂದರೆ ಬ್ಯಾಂಕಿನ ಕೆವೈಸಿಯನ್ನು ಪ್ಯಾನ್‌ನಲ್ಲಿ ಇರುವ ಹಾಗೆ ಮಾಡಿಸುವುದೇ ಸುಲಭದ ದಾರಿ. ಜಂಟಿ ಖಾತೆಗಿಂತ ಒಬ್ಬರದೇ ಹೆಸರಿನ ಖಾತೆ ಕೊಡಿ.

ಕೊನೆಗೆ ಇ-ವೆರಿಫೈ. ಸಬ್ಮಿಟ್ ಒತ್ತಿದ ಮೇಲೆ 30 ದಿನದ ಒಳಗೆ ಇದನ್ನು ಮಾಡಬೇಕು, ತಡವಾದರೆ ವೆರಿಫೈ ಮಾಡಿದ ದಿನವೇ ರಿಟರ್ನ್ ಹಾಕಿದ ದಿನ ಎಂದು ಹಿಡಿಯುತ್ತಾರೆ. ಆಧಾರ್ ಒಟಿಪಿ 15 ನಿಮಿಷಕ್ಕೆ ಸಾಯುತ್ತದೆ. ಉಂಬ್ಳೇಬೈಲು ಆಚೆ ಗುಡ್ಡ ಹತ್ತಿ ಸಿಗ್ನಲ್ ಹಿಡಿಯುವವರು ಬ್ಯಾಂಕ್ ಖಾತೆಯ ಮೂಲಕ ಇವಿಸಿ (ದೃಢೀಕರಣ ಸಂಖ್ಯೆ) ತರಿಸಿಕೊಳ್ಳಿ, ಅದು 72 ಗಂಟೆ ಇರುತ್ತದೆ. ಅದೂ ಆಗದಿದ್ದರೆ ಐಟಿಆರ್-ವಿ ಮುದ್ರಿಸಿ ಸಹಿ ಹಾಕಿ ಸ್ಪೀಡ್ ಪೋಸ್ಟ್‌ನಲ್ಲಿ ಸಿಪಿಸಿ, ಆದಾಯ ತೆರಿಗೆ ಇಲಾಖೆ, ಬೆಂಗಳೂರು 560500 ವಿಳಾಸಕ್ಕೆ ಕಳಿಸಿ.

ಗಡುವು ಈ ಸಲ 2025ರ ಸೆಪ್ಟೆಂಬರ್ 15. ಆಮೇಲೆ ಡಿಸೆಂಬರ್ 31ರವರೆಗೂ ಹಾಕಬಹುದು, ಆದಾಯ ಮೂಲ ವಿನಾಯಿತಿಯ ಕೆಳಗಿದ್ದರೆ ತಡದ ಶುಲ್ಕ ಇಲ್ಲ. ಹೋಗುವುದು ಬಡ್ಡಿ. ಗಡುವಿನ ಒಳಗೆ ಹಾಕಿದರೆ ಏಪ್ರಿಲ್ 1ರಿಂದ ತಿಂಗಳಿಗೆ ಶೇಕಡಾ ಅರ್ಧ ಸೇರಿಸಿ ಕೊಡುತ್ತಾರೆ. ಆಗಸ್ಟ್‌ನಲ್ಲೇ ಬಂದರೆ 8,500ಕ್ಕೆ 212, 3,840ಕ್ಕೆ 95. ದೊಡ್ಡದೇನಲ್ಲ, ಮಕ್ಕಳ ನೋಟ್‌ಬುಕ್ಕಿಗೆ ಆಗುತ್ತದೆ.

ಗಾಜನೂರು_ಗೇಟ್ · ಆಗಸ್ಟ್ 11

ಮೂರನೇ ಪ್ರಶ್ನೆಗೆ ಒಂದು ಮಾತು ಸೇರಿಸುತ್ತೇನೆ. "ಮಿಕ್ಕ ರಿಯಾಯಿತಿಯನ್ನು ಕೈಗೆ ಕೊಡುವುದು" ಬೇರೆ ಕಡೆ ನಿಜವಾಗಿಯೂ ಇದೆ. ಅಮೆರಿಕದಲ್ಲಿ 1975ರಿಂದ ದುಡಿಯುವ ಬಡ ಕುಟುಂಬಗಳಿಗೆ ಗಳಿಕೆ ಆಧಾರಿತ ತೆರಿಗೆ ಕ್ರೆಡಿಟ್ ಇದೆ. ಇಬ್ಬರು ಮಕ್ಕಳಿದ್ದರೆ ದುಡಿದ ಪ್ರತಿ ಡಾಲರಿಗೆ 40 ಸೆಂಟಿನಂತೆ ಏರುತ್ತ 2024ರ ಲೆಕ್ಕದಲ್ಲಿ 6,960 ಡಾಲರಿಗೆ ನಿಲ್ಲುತ್ತದೆ, ಗಳಿಕೆ ಇನ್ನೂ ಹೆಚ್ಚಿದರೆ ಡಾಲರಿಗೆ ಸುಮಾರು 21 ಸೆಂಟಿನಂತೆ ಇಳಿಯುತ್ತದೆ. ತೆರಿಗೆ ಸೊನ್ನೆಯಾದರೂ ಹಣ ಖಾತೆಗೆ ಬರುತ್ತದೆ. ಬ್ರಿಟನ್ನಿನಲ್ಲಿ 2003ರಲ್ಲಿ ಶುರುವಾದ ದುಡಿಮೆಯ ಕ್ರೆಡಿಟ್ ಈ ವರ್ಷ ಏಪ್ರಿಲ್ 5ಕ್ಕೆ ಮುಗಿದು ಯೂನಿವರ್ಸಲ್ ಕ್ರೆಡಿಟ್ಟಿನಲ್ಲಿ ಸೇರಿತು. ಅಲ್ಲೂ ಗೋಳಿತ್ತು: ಹಿಂದಿನ ವರ್ಷದ ಆದಾಯ ನೋಡಿ ಹಣ ಕೊಟ್ಟು, ಈ ವರ್ಷ ಜಾಸ್ತಿ ದುಡಿದಿರಿ ಎಂದು ವಾಪಸ್ ಕೇಳುತ್ತಿದ್ದರು.

ನಾನು ಗಮನಿಸುವುದು ಇಳಿಯುವ ರೀತಿಯನ್ನು. ಅಮೆರಿಕದ್ದು ಆಗುಂಬೆ ಘಾಟಿ ಇಳಿದಂತೆ, ತಿರುವು ತಿರುವಿಗೂ ಸ್ವಲ್ಪ ಸ್ವಲ್ಪ. ನಮ್ಮ ಬಿಪಿಎಲ್ ಮಿತಿ ಮಳೆಗಾಲದ ದರೆ. 1,20,000ದವರೆಗೆ 5 ಲಕ್ಷದ ಆಸ್ಪತ್ರೆ ಖರ್ಚು, ಒಂದು ರೂಪಾಯಿ ದಾಟಿದರೆ ನಿಯಮದ ಪ್ರಕಾರ ಕುಸಿತ. ವರ್ಷಕ್ಕೆ ಒಂದೂವರೆ ಲಕ್ಷ ದುಡಿಯುವವರು ಆದಾಯ ಮುಚ್ಚಿಡಲು ನೋಡುವುದು ಹಟದಿಂದಲ್ಲ, ಈ ಮಿತಿ ಅವರನ್ನು ಅಲ್ಲಿಗೆ ತಳ್ಳುತ್ತದೆ. ಮಿತಿಯನ್ನು ಹಂತ ಹಂತವಾಗಿ ಮಾಡದೆ ಬರೀ ಅನರ್ಹರನ್ನು ಹುಡುಕುತ್ತ ಹೋದರೆ ಸಿಕ್ಕಿಬೀಳುವುದು ಕಾಗದ ಸರಿ ಇಟ್ಟವರೇ.

ಚೋರಡಿ_ಸೇತುವೆ · ಆಗಸ್ಟ್ 11

ಒಂದು ಎಚ್ಚರಿಕೆ ಬಿಟ್ಟುಹೋಗಿತ್ತು. "ರೀಫಂಡು ಮಾಡಿಸಿಕೊಡ್ತೀವಿ, ಬಂದದ್ದರಲ್ಲಿ ಶೇಕಡಾ ಇಷ್ಟು ಕೊಡಿ" ಎನ್ನುವವರಿಂದ ದೂರ ಇರಿ. ಪರ್ಸೆಂಟೇಜ್ ಕೇಳುವವರಿಗೆ ರೀಫಂಡು ದೊಡ್ಡದಾದಷ್ಟೂ ಲಾಭ, ಹಾಗಾಗಿ ಇಲ್ಲದ ಮನೆ ಬಾಡಿಗೆ, ಇಲ್ಲದ ದೇಣಿಗೆ, ಇಲ್ಲದ ವಿಮೆ ತುಂಬುತ್ತಾರೆ. ಕಾರ್ಖಾನೆಯ ಕಾಯಂ ನೌಕರರ ರಿಟರ್ನಿನಲ್ಲಿ ಇದು ಹೆಚ್ಚು. ಈ ಜುಲೈ 14ರಂದು ಇಲಾಖೆ ದೇಶದಾದ್ಯಂತ ಇಂಥ ಮಧ್ಯವರ್ತಿಗಳ ಮೇಲೆ ಪರಿಶೀಲನೆ ನಡೆಸಿತು. ಸುಳ್ಳು ಸಾಬೀತಾದರೆ ತಪ್ಪಿಸಿದ ತೆರಿಗೆಯ ಶೇಕಡಾ 200ರವರೆಗೆ ದಂಡ, ಅದು ಬೀಳುವುದು ಪ್ಯಾನ್ ಯಾರದೋ ಅವರ ಮೇಲೆ.

ಪತ್ತೆ ಹಚ್ಚುವುದು ಹೇಗೆ ಅಂದರೆ, ಪೋರ್ಟಲ್ ಪ್ರೊಫೈಲಿನಲ್ಲಿ ಯಾರ ಮೊಬೈಲು, ಯಾರ ಇ-ಮೇಲು ಇದೆ ನೋಡಿ. ಅವರದೇ ನಂಬರ್ ಹಾಕಿಕೊಂಡಿದ್ದರೆ ನೋಟಿಸು ಬಂದದ್ದೂ ನಿಮಗೆ ಗೊತ್ತಾಗುವುದಿಲ್ಲ. ರಿಟರ್ನಿನಲ್ಲಿ ದೋಷ ಇದೆ ಎಂದು 139(9) ನೋಟಿಸು ಬಂದರೆ 15 ದಿನದೊಳಗೆ ಉತ್ತರಿಸಬೇಕು, ಇಲ್ಲದಿದ್ದರೆ ರಿಟರ್ನೇ ಹಾಕಿಲ್ಲ ಎಂದು ಲೆಕ್ಕ. ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ, ಬೇರೆಯವರಿಗೆ ಕೊಟ್ಟಿದ್ದರೆ ಕೊಟ್ಟ ದಿನವೇ ಬದಲಿಸಿ.

ಉಂಬ್ಳೇಬೈಲು_ಕ್ರಾಸ್ · ಆಗಸ್ಟ್ 12

ಎಲ್ಲರಿಗೂ ಧನ್ಯವಾದ. ಇನ್ನೆರಡು ಕೇಳಿ ಮುಗಿಸುತ್ತೇನೆ. ಗಾಡಿಯ ಟಿಡಿಎಸ್ ಮುಂದೆ ಹಿಡಿಯದ ಹಾಗೆ ಮಾಡಬಹುದಾ, 15ಜಿ ಕೊಟ್ಟರೆ ಆಗುತ್ತದಾ? 2023-24ರಲ್ಲೂ 3,100 ಹಿಡಿದಿದ್ದಾರೆ, ಅದು ಹೋದ ಹಾಗೆಯೇ?

ಲೆಕ್ಕದ_ಕಟ್ಟು · ಆಗಸ್ಟ್ 12

15ಜಿ ಬಾಡಿಗೆ ಬಿಲ್ಲಿಗೆ ನಡೆಯುವುದಿಲ್ಲ, ಅದು ಪಿಎಫ್, ಬ್ಯಾಂಕ್ ಬಡ್ಡಿಯಂಥವಕ್ಕೆ. ಸರಕು ಗಾಡಿಯವರಿಗೆ 194ಸಿ(6) ಇದೆ. ಹತ್ತು ಅಥವಾ ಕಡಿಮೆ ಗಾಡಿ ಇರುವವರು ಪ್ಯಾನ್ ಸಹಿತ ಒಂದು ಘೋಷಣೆ ಕೊಟ್ಟರೆ ಟಿಡಿಎಸ್ ಹಿಡಿಯುವಂತೆಯೇ ಇಲ್ಲ. ಅದಕ್ಕೆ ಗೊತ್ತಾದ ನಮೂನೆ ಇಲ್ಲ, ಬಿಳಿ ಹಾಳೆಯಲ್ಲಿ ಹೀಗೆ ಬರೆದರೆ ಸಾಕು:

"ನಾನು ಸರಕು ಸಾಗಣೆ ವಾಹನಗಳನ್ನು ಓಡಿಸುವ/ಬಾಡಿಗೆಗೆ ಕೊಡುವ ವ್ಯವಹಾರ ಮಾಡುತ್ತಿದ್ದು, 2025-26ನೇ ಹಣಕಾಸು ವರ್ಷದ ಯಾವುದೇ ಸಮಯದಲ್ಲಿ ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳ ಮಾಲೀಕನಾಗಿರುವುದಿಲ್ಲ. ನನ್ನ ವಾಹನದ ನೋಂದಣಿ ಸಂಖ್ಯೆ ಮತ್ತು ಪ್ಯಾನ್ ಕೆಳಗೆ ಕೊಟ್ಟಿದ್ದೇನೆ. ಆದಾಯ ತೆರಿಗೆ ಕಾಯ್ದೆಯ 194ಸಿ(6)ರಂತೆ ನನಗೆ ಪಾವತಿಸುವ ಮೊತ್ತದಿಂದ ತೆರಿಗೆ ಕಡಿತ ಮಾಡಬಾರದಾಗಿ ಕೋರುತ್ತೇನೆ."

ದಿನಾಂಕ, ಸಹಿ, ಪ್ಯಾನ್ ಮತ್ತು ಆರ್‌ಸಿ ಜೆರಾಕ್ಸ್. ಎರಡು ಪ್ರತಿ ಮಾಡಿ ಒಂದರ ಮೇಲೆ ಸ್ವೀಕರಿಸಿದ ಸಹಿ ಹಾಕಿಸಿಕೊಳ್ಳಿ. ಪ್ರತಿ ವರ್ಷ ಏಪ್ರಿಲ್‌ನಲ್ಲಿ, ಮೊದಲ ಬಿಲ್ಲಿಗೆ ಮುಂಚೆ ಕೊಡಬೇಕು; ಈಗ ಕೊಟ್ಟರೆ ಇನ್ನು ಮುಂದಿನ ಬಿಲ್ಲುಗಳಿಗೆ ಮಾತ್ರ. ಗುತ್ತಿಗೆದಾರರು ತಮ್ಮ ತ್ರೈಮಾಸಿಕ ಪಟ್ಟಿಯಲ್ಲಿ ಈ ಪ್ಯಾನ್ ತೋರಿಸಬೇಕು, ಹಾಗಾಗಿ ಕೆಲವರು "ಆಮೇಲೆ ನೋಡೋಣ" ಎಂದು ಸಾಗಹಾಕುತ್ತಾರೆ. ಕಾನೂನಿನ ಪ್ರಕಾರ ಅವರಿಗೆ ಇದರಿಂದ ನಷ್ಟವಿಲ್ಲ ಎಂದು ತಿಳಿಸಿ ಹೇಳಿ. ಬರೀ ಸಾಗಣೆಯ ಬಿಲ್ಲಾಗಿದ್ದರೆ ಮಾತ್ರ ಇದು. ಪ್ರವಾಸಿಗರನ್ನು ಕೂರಿಸಿಕೊಳ್ಳುವ ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್‌ಗೆ ಇಲ್ಲ. ಅವರಿಗೆ 44ಎಇ ಕೂಡ ಇಲ್ಲ, 44ಎಡಿ ಅಡಿ ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇಕಡಾ 6, ನಗದಿಗೆ ಶೇಕಡಾ 8 ಆದಾಯ ತೋರಿಸಬೇಕು.

2023-24ರದ್ದಕ್ಕೆ ಮಾಮೂಲಿ ಗಡುವು 2025ರ ಜನವರಿ 15ಕ್ಕೆ ಮುಗಿದಿದೆ. ಅಪ್‌ಡೇಟೆಡ್ ರಿಟರ್ನ್, ಅಂದರೆ ಐಟಿಆರ್-ಯು ಹಾಕಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಅದರಲ್ಲಿ ರೀಫಂಡು ಕೇಳುವಂತಿಲ್ಲ. ಇರುವ ದಾರಿ 119(2)(ಬಿ) ಅಡಿ ವಿಳಂಬ ಮನ್ನಾ ಅರ್ಜಿ. 2024ರ ಅಕ್ಟೋಬರ್ 1ರ ಸುತ್ತೋಲೆಯಂತೆ ಆ ಅಸೆಸ್‌ಮೆಂಟ್ ವರ್ಷ ಮುಗಿದ ಮೇಲೆ ಐದು ವರ್ಷದವರೆಗೆ ಅವಕಾಶ ಇದೆ, ಅಂದರೆ ಇವರಿಗೆ 2030ರ ಮಾರ್ಚ್‌ವರೆಗೆ. ಪೋರ್ಟಲ್‌ನಲ್ಲಿ ಸರ್ವೀಸಸ್ ಒಳಗೆ ಕಂಡೋನೇಶನ್ ರಿಕ್ವೆಸ್ಟ್ ಇರುತ್ತದೆ. ತಡಕ್ಕೆ ನಿಜವಾದ ಕಾರಣ ಮತ್ತು ಅದಕ್ಕೆ ದಾಖಲೆ ಬೇಕು, ತಡವಾದ ರೀಫಂಡಿಗೆ ಬಡ್ಡಿ ಕೊಡುವುದಿಲ್ಲ. 3,100ಕ್ಕೆ ಇಷ್ಟು ಓಡಾಟ ಬೇಕೇ ಎಂಬುದು ಅವರಿಗೆ ಬಿಟ್ಟದ್ದು. ಈ ವರ್ಷದ ಎರಡು ರಿಟರ್ನ್ ಸೆಪ್ಟೆಂಬರ್ 15ರೊಳಗೆ ಮುಗಿಸಿ, 143(1) ಕೈಗೆ ಬಂದ ಮೇಲೆ ಹಳೆಯದಕ್ಕೆ ಕೈಹಾಕಿ.